'ನೈಸ್' ಎಂಬ ಒಂದು ಗುಣವಾಚಕ: ಅರ್ಥ, ಬಳಕೆ ಮತ್ತು ಬೋಧನೆ

ಪೀಠಿಕೆ

ಮೇಲಿನ ಪ್ರಾಥಮಿಕ ತರಗತಿಯ ಮಕ್ಕಳಿಗೆ ತಮ್ಮ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯಗಳನ್ನು ಬರೆಯಲು ಹೇಳಿದರೆ ಬರುವ ಉತ್ತರ ಅನೇಕ ಶಾಲೆಗಳಲ್ಲಿ ಒಂದೇ ಬಗೆಯದಾಗಿರುತ್ತದೆ. 'ಮೈ ವಿಲೇಜ್ ಈಸ್ ನೈಸ್. ಅವರ್ ಟೆಂಪಲ್ ಈಸ್ ನೈಸ್. ದ ವೆಲ್ ವಾಟರ್ ಈಸ್ ನೈಸ್. ಮೈ ಗ್ರ್ಯಾಂಡ್‌ಮದರ್ ಈಸ್ ನೈಸ್. ಮೈ ಸ್ಕೂಲ್ ಈಸ್ ಆಲ್ಸೋ ನೈಸ್.' ವ್ಯಾಕರಣದ ದೃಷ್ಟಿಯಿಂದ ಈ ಐದು ವಾಕ್ಯಗಳಲ್ಲಿ ತಪ್ಪಿಲ್ಲ. ಶಿಕ್ಷಕರು ಐದಕ್ಕೂ ಸರಿ ಗುರುತು ಹಾಕಿ ಪೂರ್ಣ ಅಂಕ ಕೊಡಬಹುದು. ಆದರೆ ಓದಿದವರಿಗೆ ಆ ಊರಿನ ಬಗ್ಗೆ ಏನು ತಿಳಿಯಿತು? ಗುಡಿ ದೊಡ್ಡದೋ ಹಳೆಯದೋ, ಬಾವಿಯ ನೀರು ತಂಪೋ ಸಿಹಿಯೋ, ಅಜ್ಜಿ ಕಥೆ ಹೇಳುವವರೋ ಮುದ್ದು ಮಾಡುವವರೋ, ಯಾವುದೂ ತಿಳಿಯಲಿಲ್ಲ.

ಅದೇ ಮಗುವನ್ನು ಕನ್ನಡದಲ್ಲಿ ಕೇಳಿದರೆ ಮಾತು ಬೇರೆಯಾಗುತ್ತದೆ. ಬಾವಿಯ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಅಜ್ಜಿಯ ಕೈಯ ರೊಟ್ಟಿ ಮೆತ್ತಗಿರುತ್ತದೆ, ಗುಡಿಯ ಮುಂದಿನ ಕಲ್ಲು ಕೂತು ಕೂತು ನುಣುಪಾಗಿದೆ ಎಂದು ಅದು ಹೇಳುತ್ತದೆ. ನೋಡುವ ಕಣ್ಣು, ಮುಟ್ಟುವ ಕೈ, ಅದಕ್ಕೆ ಬೇಕಾದ ಮಾತು ಎಲ್ಲವೂ ಮಗುವಿನಲ್ಲಿವೆ. ಇಂಗ್ಲಿಷಿಗೆ ದಾಟುವಾಗ ಅವೆಲ್ಲ ಒಂದೇ ಪದದ ಇಕ್ಕಟ್ಟಾದ ಬಾಗಿಲಲ್ಲಿ ಸಿಲುಕಿಕೊಳ್ಳುತ್ತವೆ.

ಈ ಲೇಖನದ ಉದ್ದೇಶ ಎರಡು. 'ನೈಸ್' ಪದದ ಅರ್ಥ ಮತ್ತು ನಿತ್ಯದ ಬಳಕೆಯನ್ನು ಶಿಕ್ಷಕರಿಗೆ ಸ್ಪಷ್ಟಪಡಿಸುವುದು ಒಂದು. ಈ ಪದದ ಹಿಂದೆ ಅಡಗಿಕೊಳ್ಳುವ ಅನುಭವವನ್ನು ಹೊರತರಲು ಮಗುವಿನ ಕನ್ನಡವೇ ಸಾಧನವಾಗಬಲ್ಲದು ಎಂಬುದನ್ನು ತೋರಿಸುವುದು ಇನ್ನೊಂದು. ಕನ್ನಡ ಮಾಧ್ಯಮದಲ್ಲಿ ಓದಿದರೆ ಇಂಗ್ಲಿಷ್ ಬಾರದು ಎಂಬ ಪಾಲಕರ ಆತಂಕಕ್ಕೆ ತರಗತಿಯಲ್ಲಿ ಕೊಡಬಹುದಾದ ಸಣ್ಣ, ಆದರೆ ಖಚಿತವಾದ ಉತ್ತರವೂ ಇದರಲ್ಲಿದೆ.

ಉಚ್ಚಾರಣೆ ಮತ್ತು ಅಕ್ಷರಜೋಡಣೆ

ಎನ್, ಐ, ಸಿ, ಇ ಎಂಬ ನಾಲ್ಕು ಅಕ್ಷರಗಳ ಈ ಪದವನ್ನು ಓದಲು ಮಕ್ಕಳಿಗೆ ಎರಡು ನಿಯಮಗಳು ಸಾಕು. ಕೊನೆಯ 'ಇ' ಉಚ್ಚಾರವಾಗುವುದಿಲ್ಲ. ಆದರೆ ಅದು ಹಿಂದಿನ 'ಐ' ಅಕ್ಷರಕ್ಕೆ 'ಐ' ಎಂಬ ದನಿಯನ್ನೇ ಕೊಡಿಸುತ್ತದೆ. 'ಸಿ' ಅಕ್ಷರದ ಮುಂದೆ 'ಇ', 'ಐ' ಅಥವಾ 'ವೈ' ಬಂದಾಗ ಸಾಮಾನ್ಯವಾಗಿ ಅದರ ದನಿ ಸಕಾರವಾಗುತ್ತದೆ. ಐಸ್, ರೈಸ್, ಪ್ರೈಸ್, ಮೈಸ್, ಟ್ವೈಸ್ ಎಂಬ ಪದಗಳನ್ನು ಇದರೊಂದಿಗೆ ಸೇರಿಸಿ ಕಲಿಸಿದರೆ ಒಂದು ಪಾಠದಲ್ಲಿ ಆರು ಪದಗಳು ಬಂದಂತಾಗುತ್ತದೆ.

ಕನ್ನಡದ ಪದಗಳು ಸ್ವರಾಂತವಾಗಿರುವುದರಿಂದ ಬಸ್ ಎಂಬುದು ಬಸ್ಸು, ಕಾರ್ ಎಂಬುದು ಕಾರು ಆದಂತೆ ಮಕ್ಕಳ ಬಾಯಲ್ಲಿ 'ನೈಸು' ಎಂಬ ರೂಪ ಬರುವುದು ಸಹಜ. ಇದನ್ನು ಗದರದೆ, ಪದದ ಕೊನೆಯಲ್ಲಿ ಸಕಾರವನ್ನು ಎಳೆದು ನಿಲ್ಲಿಸುವ ಅಭ್ಯಾಸ ಮಾಡಿಸಿದರೆ ಸಾಕು.

ಹೋಲುವ ದನಿಯ ಪದಗಳ ಬಗ್ಗೆ ಎಚ್ಚರವಿರಲಿ. ಅಣ್ಣತಮ್ಮಂದಿರ ಅಥವಾ ಅಕ್ಕತಂಗಿಯರ ಮಗಳನ್ನು ಸೂಚಿಸುವ ಪದ 'ನೀಸ್'. ಭೂಗೋಳ ಪಾಠದಲ್ಲಿ ಬರುವ 'ನೈಸ್ ಶಿಲೆ' ಮತ್ತೊಂದು ಪದ; ಇಂಗ್ಲಿಷಿನಲ್ಲಿ ಅದು 'ಜಿ' ಅಕ್ಷರದಿಂದ ಆರಂಭವಾದರೂ ಆ ಅಕ್ಷರ ಉಚ್ಚಾರವಾಗುವುದಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಈ ಶಿಲೆಯದೇ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ರೀತಿ ಕಾಣುವುದರಿಂದ 'ಚೆಂದದ ಕಲ್ಲು' ಎಂದು ಮಗು ಅರ್ಥ ಮಾಡಿಕೊಳ್ಳದಂತೆ ನೋಡಿಕೊಳ್ಳಬೇಕು.

ಪದ ನಡೆದು ಬಂದ ದಾರಿ

ಇಂದು ಹೊಗಳಿಕೆಯ ಪದವಾಗಿರುವ 'ನೈಸ್' ಹುಟ್ಟಿದ್ದು ಬೈಗುಳಾಗಿ. ಇದರ ಮೂಲ ಲ್ಯಾಟಿನ್ ಭಾಷೆಯ 'ನೆಸ್ಕಿಯುಸ್' ಎಂಬ ಪದ. 'ನೆ' ಎಂದರೆ ಇಲ್ಲ, 'ಸ್ಕಿರೆ' ಎಂದರೆ ತಿಳಿ, ಒಟ್ಟರ್ಥ 'ತಿಳಿಯದವನು'. ಸೈನ್ಸ್ ಎಂಬ ಪದದಲ್ಲಿರುವುದೂ ಇದೇ 'ತಿಳಿ' ಎಂಬರ್ಥದ ಮೂಲ. ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಈ ಪದದ ಅರ್ಥ 'ದಡ್ಡ', 'ಮೂರ್ಖ' ಎಂದಿತ್ತು. ಮುಂದೆ ಅದು 'ಅತಿ ನಾಜೂಕಿನ', 'ಎಲ್ಲದಕ್ಕೂ ಕೊಂಕು ತೆಗೆಯುವ' ಎಂಬ ಅರ್ಥಗಳನ್ನು ಪಡೆಯಿತು. ಎಲ್ಲವನ್ನೂ ಅಳೆದು ತೂಗಿ ನೋಡುವವನ ಗುಣವೇ ನಿಖರತೆಯೂ ಹೌದಾದ್ದರಿಂದ 16ನೆಯ ಶತಮಾನದಲ್ಲಿ 'ಸೂಕ್ಷ್ಮವಾದ', 'ನಿಖರವಾದ' ಎಂಬ ಅರ್ಥ ಬಂತು. 18ನೆಯ ಶತಮಾನದಲ್ಲಿ 'ಹಿತವಾದ', 'ಸೊಗಸಾದ' ಎಂಬ ಅರ್ಥವೂ, 19ನೆಯ ಶತಮಾನದಲ್ಲಿ 'ಒಳ್ಳೆಯ ಮನಸ್ಸಿನ' ಎಂಬ ಅರ್ಥವೂ ನೆಲೆನಿಂತವು.

ಕನ್ನಡ ಶಿಕ್ಷಕರಿಗೆ ಇಂತಹ ಅರ್ಥಪಲ್ಲಟ ಹೊಸದಲ್ಲ. ಸಂಸ್ಕೃತದ 'ಮುಹ್' ಎಂಬ ಒಂದೇ ಧಾತುವಿನಿಂದ 'ಮೂಢ' ಮತ್ತು 'ಮುಗ್ಧ' ಎಂಬ ಎರಡು ಪದಗಳು ಹುಟ್ಟಿವೆ. ಮೂಢ ಎಂಬುದು ಬೈಗುಳಾಗಿಯೇ ಉಳಿಯಿತು; ಮುಗ್ಧ ಎಂಬುದು ತಿಳಿಯದವನಿಂದ ಕಪಟವರಿಯದವನಾಗಿ, ಮನಸ್ಸಿಗೆ ಹಿತವಾದವನಾಗಿ ಏರಿತು. 'ನೈಸ್' ನಡೆದ ದಾರಿ ಬಹುಮಟ್ಟಿಗೆ ಇದೇ. ಇದನ್ನು ಉತ್ತಮಾರ್ಥ ಪ್ರಾಪ್ತಿ ಎನ್ನುತ್ತೇವೆ. ಇದಕ್ಕೆ ವಿರುದ್ಧವಾಗಿ, ಹಿಂದೆ ಕೇವಲ ವಾಸನೆ ಎಂಬರ್ಥವಿದ್ದ 'ನಾತ' ಇಂದು ದುರ್ವಾಸನೆಗೆ ಮೀಸಲಾಗಿದೆ. ಅದು ಹೀನಾರ್ಥ ಪ್ರಾಪ್ತಿ. ಎಳ್ಳಿನ ನೆಯ್ ಎಂಬುದರಿಂದ ಬಂದ 'ಎಣ್ಣೆ' ಕೊಬ್ಬರಿ ಎಣ್ಣೆಗೂ ಸೀಮೆಎಣ್ಣೆಗೂ ವಿಸ್ತರಿಸಿದ್ದು ಅರ್ಥವಿಸ್ತಾರ. 'ನೈಸ್' ಪದದಲ್ಲಿ ಉತ್ತಮಾರ್ಥ ಪ್ರಾಪ್ತಿಯೂ ಅರ್ಥವಿಸ್ತಾರವೂ ಒಟ್ಟಿಗೆ ನಡೆದಿವೆ. ವಿಸ್ತಾರವಾದಷ್ಟೂ ಅದರ ಸತ್ವ ತೆಳುವಾಯಿತು.

ಈ ತೆಳುವಾಗುವಿಕೆಯನ್ನು ಇನ್ನೂರು ವರ್ಷಗಳ ಹಿಂದೆಯೇ ಗುರುತಿಸಿ ನಗೆಯಾಡಿದವರು ಕಾದಂಬರಿಗಾರ್ತಿ ಜೇನ್ ಆಸ್ಟೆನ್. ಅವರು ತೀರಿಕೊಂಡ ಬಳಿಕ 1817ರ ಕೊನೆಯಲ್ಲಿ ಪ್ರಕಟವಾದ 'ನಾರ್ಥ್ಯಾಂಗರ್ ಆ್ಯಬಿ' ಕಾದಂಬರಿಯಲ್ಲಿ ಕ್ಯಾಥರಿನ್ ಎಂಬ ಹುಡುಗಿ ತಾನು ಮೆಚ್ಚಿದ ಪುಸ್ತಕವನ್ನು ಲೋಕದಲ್ಲೇ ಅತ್ಯಂತ 'ನೈಸ್' ಆದ ಪುಸ್ತಕ ಎನ್ನುತ್ತಾಳೆ. ಹೆನ್ರಿ ಎಂಬ ತರುಣ ಆ ಪದದ ಹಳೆಯ ಅರ್ಥವನ್ನು ಹಿಡಿದು, ಅಚ್ಚುಕಟ್ಟೆಂದರೆ ಅದು ಪುಸ್ತಕದ ರಟ್ಟನ್ನು ಅವಲಂಬಿಸಿದೆ ಎಂದು ಅವಳನ್ನು ಕೆಣಕುತ್ತಾನೆ. ದಿನವೂ ನೈಸ್, ನಡಿಗೆಯೂ ನೈಸ್, ಜನರೂ ನೈಸ್ ಆದರೆ ಈ ಪದ ಎಲ್ಲಕ್ಕೂ ಸಲ್ಲುತ್ತದೆ ಎಂಬುದು ಅವನ ವಿನೋದ. ಇಂಗ್ಲಿಷ್ ಮಾತೃಭಾಷೆಯವರೂ ಈ ಪದದ ಸೋಮಾರಿತನಕ್ಕೆ ಒಳಗಾಗಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ನಮ್ಮ ಮಕ್ಕಳ ಐದು ವಾಕ್ಯಗಳ ದೋಷ ಕನ್ನಡದಿಂದ ಬಂದ ದೋಷವಲ್ಲ.

ಹಳೆಯ 'ಸೂಕ್ಷ್ಮ' ಎಂಬ ಅರ್ಥ ಪೂರ್ತಿ ಅಳಿದಿಲ್ಲ. 'ಎ ನೈಸ್ ಡಿಸ್ಟಿಂಕ್ಷನ್' ಎಂದರೆ ಚೆಂದದ ವ್ಯತ್ಯಾಸವಲ್ಲ, ಸೂಕ್ಷ್ಮ ವ್ಯತ್ಯಾಸ. 'ನೈಸಿಟಿ' ಎಂಬ ನಾಮಪದದಲ್ಲೂ ಇದೇ ಅರ್ಥ ಉಳಿದಿದೆ. ಪ್ರೌಢಶಾಲೆಯ ಮಕ್ಕಳಿಗೆ ಇಷ್ಟು ತಿಳಿದಿದ್ದರೆ ಸಾಕು.

ಕನ್ನಡದೊಳಗಿನ 'ನೈಸ್'

ಮಗು ತರಗತಿಗೆ ಬರುವ ಮುನ್ನವೇ ಈ ಪದವನ್ನು ಮನೆಯಲ್ಲಿ ಕೇಳಿರುತ್ತದೆ. ಅಲ್ಲಿ ಅದರ ಅರ್ಥ ಬೇರೆ. 'ಅಕ್ಕಿಯನ್ನು ನೈಸಾಗಿ ರುಬ್ಬು' ಎಂದು ಅಮ್ಮ ಹೇಳಿದಾಗ ನೈಸ್ ಎಂದರೆ ನುಣ್ಣಗೆ. 'ಹಲಗೆ ನೈಸಾಗುವ ತನಕ ಉಜ್ಜು' ಎಂದು ಬಡಗಿ ಹೇಳಿದಾಗಲೂ ಅದೇ. 'ಕೆಲಸ ಇದೆ ಎಂದ ಕೂಡಲೇ ನೈಸಾಗಿ ಜಾರಿಕೊಂಡ' ಎಂದಾಗ ಅದರ ಅರ್ಥ ಸದ್ದಿಲ್ಲದೆ, ಉಪಾಯವಾಗಿ. 'ನೈಸಾಗಿ ಮಾತಾಡಿ ದುಡ್ಡು ಇಸಿದುಕೊಂಡ' ಎಂದಾಗ ಸಿಹಿಮಾತಿನ ಮೋಸ.

ಈ ಎಲ್ಲ ಅರ್ಥಗಳು ಕನ್ನಡದ 'ನಯ' ಎಂಬ ಪದದ ಸುತ್ತ ಇರುವುದನ್ನು ಗಮನಿಸಬಹುದು. ನಯವಾದ ಬಟ್ಟೆ, ನಯವಾದ ಮಾತು, ನಯವಂಚಕ: ಮುಟ್ಟಿದರೆ ನುಣುಪು, ಆಡಿದರೆ ಮೃದು, ಅತಿಯಾದರೆ ಕಪಟ. ದನಿಯಲ್ಲೂ ಹತ್ತಿರವಿರುವ ಇಂಗ್ಲಿಷ್ ಪದ ಕನ್ನಡಕ್ಕೆ ಬಂದು ಈ ನಯದ ಜಾಗದಲ್ಲೇ ಕುಳಿತಂತೆ ಕಾಣುತ್ತದೆ. ತಾಳವಾಡಿ, ಹೊಸೂರು ಮತ್ತು ನೀಲಗಿರಿಯ ಮಕ್ಕಳು ತಮಿಳಿನಲ್ಲೂ ಇದೇ 'ನುಣ್ಣಗೆ' ಮತ್ತು 'ಉಪಾಯವಾಗಿ' ಎಂಬ ಅರ್ಥಗಳನ್ನು ಕೇಳುತ್ತಾರೆ. ಕಾಸರಗೋಡು ಮತ್ತು ವಯನಾಡಿನ ಮಕ್ಕಳ ಕಿವಿಗೆ ಮಲಯಾಳದ ಆಡುಮಾತಿನ 'ನೈಸಾಯಿ' ಬೀಳುತ್ತದೆ. ಅಲ್ಲಿಯೂ ಅದು ಸದ್ದಿಲ್ಲದೆ ನುಣುಚಿಕೊಳ್ಳುವ ಅರ್ಥದಲ್ಲಿ ಬರುತ್ತದೆ.

ಆದ್ದರಿಂದ ಮಗು 'ಗ್ರೈಂಡ್ ದ ರೈಸ್ ನೈಸ್ಲಿ' ಎಂದು ಬರೆದರೆ ಅದು ಯೋಚಿಸದೆ ಬರೆದುದಲ್ಲ. ಮನೆಯ ಅರ್ಥವನ್ನು ಪ್ರಾಮಾಣಿಕವಾಗಿ ದಾಟಿಸಿದೆ. ಇಂಗ್ಲಿಷ್ ಓದುಗನಿಗೆ ಆ ವಾಕ್ಯದಿಂದ 'ಚೆನ್ನಾಗಿ ರುಬ್ಬು' ಎಂದಷ್ಟೇ ತಿಳಿಯುತ್ತದೆ, 'ನುಣ್ಣಗೆ' ಎಂಬುದು ತಿಳಿಯುವುದಿಲ್ಲ. ಅಲ್ಲಿ ಬೇಕಾದ ಪದ 'ಸ್ಮೂತ್' ಅಥವಾ 'ಫೈನ್'. ಹಾಗೆಯೇ ನೈಸಾಗಿ ಜಾರಿಕೊಂಡವನಿಗೆ 'ಹಿ ಸ್ಲಿಪ್ಡ್ ಅವೇ ಕ್ವಯೆಟ್ಲಿ' ಎನ್ನಬೇಕು. ಶಿಕ್ಷಕರು ಕೆಂಪು ಗೆರೆ ಎಳೆಯುವ ಮೊದಲು 'ನಿಮ್ಮ ಮನೆಯಲ್ಲಿ ಈ ಪದವನ್ನು ಹೇಗೆ ಬಳಸುತ್ತಾರೆ?' ಎಂದು ಕೇಳಿದರೆ ತಪ್ಪಿನ ಬೇರು ಸಿಗುತ್ತದೆ.

ಇಂದಿನ ಇಂಗ್ಲಿಷಿನಲ್ಲಿ ಇದರ ಅರ್ಥಗಳು

ನಿತ್ಯದ ಬಳಕೆಯಲ್ಲಿ 'ನೈಸ್' ಮುಖ್ಯವಾಗಿ ಐದು ಬಗೆಯಲ್ಲಿ ಬರುತ್ತದೆ.

1. ಹಿತವಾದ, ಸೊಗಸಾದ. 'ವೀ ಹ್ಯಾಡ್ ಎ ನೈಸ್ ಟೈಮ್' ಎಂದರೆ ಹೊತ್ತು ಸಂತೋಷವಾಗಿ ಕಳೆಯಿತು. 'ಎ ನೈಸ್ ಡೇ' ಎಂದರೆ ಹವೆ ಹಿತವಾಗಿರುವ ದಿನ.

2. ಒಳ್ಳೆಯ ಮನಸ್ಸಿನ, ಸ್ನೇಹಪರ. 'ಶಿ ಈಸ್ ಎ ನೈಸ್ ಗರ್ಲ್.' ಇಲ್ಲಿ ರೂಪದ ಮಾತಿಲ್ಲ, ನಡತೆಯ ಮಾತಿದೆ. 'ಬಿ ನೈಸ್ ಟು ದ ನ್ಯೂ ಬಾಯ್' ಎಂದರೆ ಹೊಸದಾಗಿ ಸೇರಿದ ಹುಡುಗನೊಂದಿಗೆ ಪ್ರೀತಿಯಿಂದ ನಡೆದುಕೊ ಎಂದು. ಕನ್ನಡದಲ್ಲಿ 'ಅವನೊಂದಿಗೆ' ಎನ್ನುವುದರಿಂದ ಮಕ್ಕಳು 'ವಿತ್' ಬಳಸುತ್ತಾರೆ. ಇಂಗ್ಲಿಷಿನಲ್ಲಿ ಇಲ್ಲಿ ಸಲ್ಲುವುದು 'ಟು'. ಉಪಕಾರ ಮಾಡಿದವರಿಗೆ ಹೇಳುವಾಗ 'ಆಫ್' ಬರುತ್ತದೆ: 'ಇಟ್ ಈಸ್ ವೆರಿ ನೈಸ್ ಆಫ್ ಯೂ ಟು ಹೆಲ್ಪ್ ಮೀ.'

3. ಶಿಷ್ಟಾಚಾರದ ಮಾತು. 'ನೈಸ್ ಟು ಮೀಟ್ ಯೂ' ಎಂಬುದು ಮೊದಲ ಭೇಟಿಗೆ ಮಾತ್ರ. ಪರಿಚಿತರನ್ನು ಮತ್ತೆ ಕಂಡಾಗ 'ನೈಸ್ ಟು ಸೀ ಯೂ'. ಇವುಗಳನ್ನು ಪದಶಃ ಕನ್ನಡಕ್ಕೆ ತರಬೇಕಾಗಿಲ್ಲ. ನಾವು ಆ ಸಂದರ್ಭದಲ್ಲಿ 'ಬನ್ನಿ, ಬನ್ನಿ' ಎನ್ನುತ್ತೇವೆ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ 'ಆರಾಮ ಅದೀರೇನ್ರಿ' ಎಂದು ವಿಚಾರಿಸುತ್ತಾರೆ. ಆ ಮಾತು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಈ ಮಾತು ಮಾಡುತ್ತದೆ ಎಂದು ವಿವರಿಸಿದರೆ ಮಗುವಿಗೆ ಸಂದರ್ಭವೇ ಅರ್ಥವಾಗುತ್ತದೆ.

4. ಮುಂದಿನ ಗುಣಕ್ಕೆ ಒತ್ತು. 'ದ ರೂಮ್ ಈಸ್ ನೈಸ್ ಅಂಡ್ ವಾರ್ಮ್' ಎಂಬಲ್ಲಿ ಕೋಣೆಗೆ ಎರಡು ಬೇರೆ ಗುಣಗಳನ್ನು ಹೇಳುತ್ತಿಲ್ಲ. 'ಹಿತವಾಗಿ ಬೆಚ್ಚಗಿದೆ' ಎಂಬುದು ಅದರ ಅರ್ಥ. 'ನೈಸ್ ಅಂಡ್ ಹಾಟ್', 'ನೈಸ್ ಅಂಡ್ ಕ್ಲೀನ್' ಎಂಬುವೂ ಹೀಗೆಯೇ.

5. ವ್ಯಂಗ್ಯ. ಮಸಿ ಚೆಲ್ಲಿದವನನ್ನು ನೋಡಿ 'ದಟ್ಸ್ ಎ ನೈಸ್ ಮೆಸ್' ಎಂದರೆ ಅದು ಹೊಗಳಿಕೆಯಲ್ಲ. 'ಚೆನ್ನಾಗಿದೆ ನಿನ್ನ ಕೆಲಸ!' ಎಂಬ ನಮ್ಮ ಮಾತಿನಲ್ಲಿರುವ ದನಿಯೇ ಅಲ್ಲಿದೆ. ಎರಡನ್ನೂ ಶಿಕ್ಷಕರು ದನಿಯೇರಿಳಿತದೊಂದಿಗೆ ಓದಿ ತೋರಿಸಿದರೆ ವಿವರಣೆಯೇ ಬೇಕಾಗುವುದಿಲ್ಲ.

ಇಲ್ಲೊಂದು ಸೂಕ್ಷ್ಮವನ್ನು ಶಿಕ್ಷಕರು ಗಮನಿಸಬೇಕು. 'ನೈಸ್' ಹಿತವಾದ ಹೊಗಳಿಕೆಯೇ ಹೊರತು ದೊಡ್ಡ ಹೊಗಳಿಕೆಯಲ್ಲ. ತಿಂಗಳುಗಟ್ಟಲೆ ದುಡಿದು ಮಾಡಿದ ಕೆಲಸವನ್ನು ಬರಿಯ 'ನೈಸ್' ಎಂದರೆ ಕೇಳಿದವರಿಗೆ ನಿರಾಸೆಯಾಗಬಹುದು.

ವಾಕ್ಯದಲ್ಲಿ ಇದರ ನಡೆ ಮತ್ತು ಸಾಮಾನ್ಯ ತಪ್ಪುಗಳು

ಲಿಂಗ, ವಚನಗಳಿಗೆ ತಕ್ಕಂತೆ ಈ ಪದ ಬದಲಾಗುವುದಿಲ್ಲ. 'ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮಕ್ಕಳು' ಎನ್ನುವ ಕನ್ನಡದ ಮಗುವಿಗೆ ಇದು ಸುಲಭ. ಕಷ್ಟ ಬರುವುದು ಬೇರೆ ಕಡೆಗಳಲ್ಲಿ.

ಮೊದಲನೆಯದು 'ಆಗಿ' ಪ್ರತ್ಯಯದ ಪ್ರಭಾವ. 'ಅವಳು ಸೊಗಸಾಗಿ ಹಾಡುತ್ತಾಳೆ', 'ಹೂವು ಸೊಗಸಾಗಿ ಕಾಣುತ್ತದೆ' ಎಂಬ ಎರಡೂ ವಾಕ್ಯಗಳಲ್ಲಿ ಕನ್ನಡ 'ಸೊಗಸಾಗಿ' ಎಂಬ ಒಂದೇ ರೂಪವನ್ನು ಬಳಸುತ್ತದೆ. ಇಂಗ್ಲಿಷ್ ಇಲ್ಲಿ ಭೇದ ಮಾಡುತ್ತದೆ. ಹಾಡುವ ಕ್ರಿಯೆ ಹೇಗೆ ನಡೆಯಿತೆಂದು ಹೇಳುವಾಗ 'ಶಿ ಸಿಂಗ್ಸ್ ನೈಸ್ಲಿ'. ಹೂವು ಹೇಗಿದೆ ಎಂದು ಹೇಳುವಾಗ 'ದ ಫ್ಲವರ್ ಲುಕ್ಸ್ ನೈಸ್'. ಲುಕ್, ಸ್ಮೆಲ್, ಟೇಸ್ಟ್, ಫೀಲ್, ಸೌಂಡ್ ಎಂಬ ಐದು ಕ್ರಿಯಾಪದಗಳು ವಸ್ತುವಿನ ಗುಣವನ್ನು ಹೇಳುವಾಗ ಮುಂದೆ ಗುಣವಾಚಕವೇ ಬರುತ್ತದೆ. ಕಣ್ಣು, ಮೂಗು, ನಾಲಿಗೆ, ಚರ್ಮ, ಕಿವಿ ಎಂದು ಐದು ಇಂದ್ರಿಯಗಳನ್ನು ಬೆರಳಿನಲ್ಲಿ ಎಣಿಸಿ ಕಲಿಸಿದರೆ ಇದು ನೆನಪಿನಲ್ಲಿ ನಿಲ್ಲುತ್ತದೆ. 'ಚೆನ್ನಾಗಿದೆ' ಎಂಬುದರ ಪ್ರಭಾವದಿಂದ ಮಕ್ಕಳು 'ದ ಫ್ಲವರ್ ಈಸ್ ನೈಸ್ಲಿ' ಎಂದು ಬರೆಯುವುದೂ ಉಂಟು. ಅದಕ್ಕೂ ಇದೇ ಪರಿಹಾರ.

ಎರಡನೆಯದು ಒಂಟಿಯಾಗಿ ಉಳಿಯುವ 'ಎ'. ಕನ್ನಡದಲ್ಲಿ 'ಅವಳು ಒಳ್ಳೆಯವಳು' ಎನ್ನುವಾಗ ಗುಣವಾಚಕವೇ ನಾಮಪದವಾಗುತ್ತದೆ. ಮಗು ಅದೇ ಧಾಟಿಯಲ್ಲಿ 'ಶಿ ಈಸ್ ಎ ನೈಸ್' ಎನ್ನುತ್ತದೆ. 'ಎ' ಬಂದರೆ ಮುಂದೆ ನಾಮಪದ ಬೇಕು, ನಾಮಪದವಿಲ್ಲದಿದ್ದರೆ 'ಎ' ಬೇಡ ಎಂಬ ಸರಳ ನಿಯಮವನ್ನು ಹೇಳಬೇಕು.

ಮೂರನೆಯದು 'ಎ' ಮತ್ತು 'ಆನ್' ಆಯ್ಕೆ. 'ಆನ್ ಆಪಲ್' ಸರಿ. ಆದರೆ ನಡುವೆ ಗುಣವಾಚಕ ಬಂದಾಗ 'ಎ ನೈಸ್ ಆಪಲ್'. ತಕ್ಷಣ ಮುಂದಿರುವ ಪದದ ಮೊದಲ ದನಿಯೇ ಇದನ್ನು ನಿರ್ಧರಿಸುತ್ತದೆ, ದೂರದ ನಾಮಪದವಲ್ಲ.

ನಾಲ್ಕನೆಯದು ಹೋಲಿಕೆ. ಕನ್ನಡದಲ್ಲಿ 'ಅದಕ್ಕಿಂತ', 'ಎಲ್ಲಕ್ಕಿಂತ' ಎಂದು ಬೇರೆ ಪದ ಸೇರಿಸಿದರೆ ಸಾಕು. ಇಂಗ್ಲಿಷಿನಲ್ಲಿ ಈ ಪದವೇ ನೈಸರ್, ನೈಸೆಸ್ಟ್ ಎಂದು ಬದಲಾಗುತ್ತದೆ. 'ಮೋರ್ ನೈಸರ್' ಎಂಬುದು ಎರಡು ಸಲ ಹೇಳಿದಂತಾಗುತ್ತದೆ.

ಐದನೆಯದು ಗುಣವಾಚಕಗಳ ಕ್ರಮ. ಅಭಿಪ್ರಾಯ ಹೇಳುವ ಪದ ಮೊದಲು, ಗಾತ್ರ ಮತ್ತು ಬಣ್ಣ ಆಮೇಲೆ: 'ಎ ನೈಸ್ ಲಿಟಲ್ ಹೌಸ್', 'ಎ ನೈಸ್ ರೆಡ್ ಶರ್ಟ್'. ಇದನ್ನು ನಿಯಮವಾಗಿ ಕಲಿಸುವುದಕ್ಕಿಂತ ಮತ್ತೆ ಮತ್ತೆ ಕೇಳಿಸುವುದು ಲೇಸು.

ಒಂದು 'ಚೆನ್ನಾಗಿ', ಹಲವು ಇಂಗ್ಲಿಷ್

'ಹೌ ಆರ್ ಯೂ' ಎಂದು ಕೇಳಿದಾಗ ಕೆಲವು ಮಕ್ಕಳು 'ಐ ಆಮ್ ನೈಸ್' ಎನ್ನುತ್ತಾರೆ. 'ಚೆನ್ನಾಗಿದ್ದೇನೆ' ಎಂಬುದು ಅವರ ಮನಸ್ಸಿನಲ್ಲಿದೆ. ಆದರೆ ಆ ಇಂಗ್ಲಿಷ್ ವಾಕ್ಯದ ಅರ್ಥ 'ನಾನು ಒಳ್ಳೆಯ ಸ್ವಭಾವದವನು' ಎಂದಾಗುತ್ತದೆ. ಕನ್ನಡದ 'ಚೆನ್ನಾಗಿ' ಸಂದರ್ಭಕ್ಕೆ ತಕ್ಕಂತೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದವಾಗುತ್ತದೆ. ನಾನು ಚೆನ್ನಾಗಿದ್ದೇನೆ: 'ಐ ಆಮ್ ಫೈನ್'. ಅವನು ಚೆನ್ನಾಗಿ ಓದುತ್ತಾನೆ: 'ಹಿ ರೀಡ್ಸ್ ವೆಲ್'. ಈ ಪುಸ್ತಕ ಚೆನ್ನಾಗಿದೆ: 'ದಿಸ್ ಈಸ್ ಎ ಗುಡ್ ಬುಕ್'. ಹವೆ ಚೆನ್ನಾಗಿದೆ: 'ದ ವೆದರ್ ಈಸ್ ನೈಸ್'. ಈ ನಾಲ್ಕು ಜೋಡಿಗಳನ್ನು ಗೋಡೆಪಟ್ಟಿಯಾಗಿ ಬರೆದು ತೂಗುಹಾಕುವುದು ಉಪಯುಕ್ತ.

ಮಗುವಿನ ಮನೆಮಾತಿನ ರೂಪ ಏನಿದ್ದರೂ ಅದನ್ನು ಈ ಪಟ್ಟಿಯಲ್ಲಿ ಸೇರಿಸಬೇಕು. ಸೊಲ್ಲಾಪುರ, ಜತ್ತದ ಮಗು 'ಚಲೋ ಐತಿ' ಎನ್ನುತ್ತದೆ. ಕಾಸರಗೋಡಿನ ಮಗು 'ಲಾಯ್ಕ' ಎನ್ನುತ್ತದೆ. ಈ 'ಲಾಯ್ಕ' ಪದದ ಕಥೆಯೂ ಸ್ವಾರಸ್ಯಕರ. ಅರಬ್ಬಿ ಮೂಲದ ಈ ಪದಕ್ಕೆ 'ಯೋಗ್ಯ' ಎಂಬುದು ಮೊದಲ ಅರ್ಥ. 'ನಾಲಾಯಕ್' ಎಂದು ಬೈಯುವಾಗ ಆ ಹಳೆಯ ಅರ್ಥ ಈಗಲೂ ಇದೆ. ಕರಾವಳಿಯಲ್ಲಿ ಮಾತ್ರ ಅದು 'ಸೊಗಸು' ಎಂದಾಗಿದೆ. ಪದಗಳು ಅರ್ಥ ಬದಲಿಸುವುದನ್ನು ತಿಳಿಯಲು ಇಂಗ್ಲೆಂಡಿನವರೆಗೆ ಹೋಗಬೇಕಾಗಿಲ್ಲ. ಮಗುವಿನ ನಾಲಿಗೆಯ ಮೇಲೆಯೇ ನಿದರ್ಶನವಿದೆ.

ತರಗತಿಯ ಚಟುವಟಿಕೆ: 'ಏನು ಚೆನ್ನ?'

ಈ ಚಟುವಟಿಕೆಗೆ ಕರಿಹಲಗೆ ಮತ್ತು ಸುಮಾರು ನಲವತ್ತು ನಿಮಿಷಗಳು ಸಾಕು.

ಮೊದಲ ಹಂತ: ಮಕ್ಕಳು 'ನೈಸ್' ಬಳಸಿ ಬರೆದ ವಾಕ್ಯಗಳಲ್ಲಿ ಐದನ್ನು ಕರಿಹಲಗೆಯ ಮೇಲೆ ಬರೆಯಬೇಕು. ಯಾರ ವಾಕ್ಯವೆಂದು ಹೇಳಬಾರದು.

ಎರಡನೆಯ ಹಂತ: ಒಂದೊಂದು ವಾಕ್ಯಕ್ಕೂ 'ಏನು ಚೆನ್ನ? ಹೇಗೆ ಚೆನ್ನ?' ಎಂದು ಕನ್ನಡದಲ್ಲಿ ಕೇಳಬೇಕು. ಉತ್ತರವೂ ಕನ್ನಡದಲ್ಲೇ ಬರಲಿ. ನೀರು ತಂಪು, ಹಾಡು ಇಂಪು, ಮಲ್ಲಿಗೆ ಕಂಪು, ಕಲ್ಲು ನುಣುಪು, ರೊಟ್ಟಿ ಮೆತ್ತಗೆ, ಹಪ್ಪಳ ಗರಿಗರಿ, ಕಂಬಳಿ ಬೆಚ್ಚಗೆ, ಅಂಗಳ ಅಚ್ಚುಕಟ್ಟು, ಅಜ್ಜಿ ಅಕ್ಕರೆ. ಈ ಪದಗಳು ಬಹುಮಟ್ಟಿಗೆ ಮಕ್ಕಳಿಂದಲೇ ಬರುತ್ತವೆ.

ಮೂರನೆಯ ಹಂತ: ಪ್ರತಿ ಕನ್ನಡ ಪದದ ಎದುರು ಇಂಗ್ಲಿಷ್ ಪದವನ್ನು ಶಿಕ್ಷಕರು ಕೊಡಬೇಕು. ತಂಪಿಗೆ ಕೂಲ್, ಇಂಪಿಗೆ ಸ್ವೀಟ್, ಕಂಪಿಗೆ ಫ್ರೇಗ್ರಂಟ್, ನುಣುಪಿಗೆ ಸ್ಮೂತ್, ಮೆತ್ತಗೆ ಎಂಬುದಕ್ಕೆ ಸಾಫ್ಟ್, ಗರಿಗರಿಗೆ ಕ್ರಿಸ್ಪ್, ಬೆಚ್ಚಗೆ ಎಂಬುದಕ್ಕೆ ವಾರ್ಮ್, ಅಚ್ಚುಕಟ್ಟಿಗೆ ನೀಟ್, ಅಕ್ಕರೆಯವರಿಗೆ ಲವಿಂಗ್. ಒಂದು ದಿನಕ್ಕೆ ಎಂಟು ಹತ್ತು ಪದಗಳಿಗಿಂತ ಹೆಚ್ಚು ಬೇಡ.

ನಾಲ್ಕನೆಯ ಹಂತ: ಅದೇ ಐದು ವಾಕ್ಯಗಳನ್ನು 'ನೈಸ್' ಇಲ್ಲದೆ ಮರುಬರೆಸಬೇಕು. 'ದ ವೆಲ್ ವಾಟರ್ ಈಸ್ ನೈಸ್' ಎಂಬುದು 'ದ ವೆಲ್ ವಾಟರ್ ಈಸ್ ಕೂಲ್ ಈವನ್ ಇನ್ ಸಮ್ಮರ್' ಎಂದಾಗುತ್ತದೆ. 'ಮೈ ಗ್ರ್ಯಾಂಡ್‌ಮದರ್ ಈಸ್ ನೈಸ್' ಎಂಬುದು 'ಮೈ ಗ್ರ್ಯಾಂಡ್‌ಮದರ್ ಮೇಕ್ಸ್ ಸಾಫ್ಟ್ ರೊಟ್ಟೀಸ್ ಫಾರ್ ಅಸ್' ಎಂದಾಗುತ್ತದೆ. ಎರಡನೆಯ ವಾಕ್ಯದಲ್ಲಿ ಅಜ್ಜಿಯ ಗುಣ ಹೇಳುವ ಪದವೇ ಇಲ್ಲ. ಆದರೂ ಅಜ್ಜಿ ಎಂಥವರೆಂದು ಓದುಗನಿಗೆ ತಿಳಿಯುತ್ತದೆ. ಈ ಅಂಶವನ್ನು ಮಕ್ಕಳಿಗೆ ಎತ್ತಿ ತೋರಿಸಬೇಕು.

ವಸ್ತುಗಳನ್ನು ಆಯಾ ಊರಿನಿಂದಲೇ ಆರಿಸಿಕೊಳ್ಳುವುದು ಒಳ್ಳೆಯದು. ಸೊಲ್ಲಾಪುರದ ಚಾದರ, ಹೊಸೂರಿನ ಗುಲಾಬಿ, ಬೇಕಲ ಕೋಟೆಯ ಮೇಲಿನ ಕಡಲಗಾಳಿ, ನೀಲಗಿರಿಯ ಚಹಾ, ರಾಯದುರ್ಗದ ಬೆಟ್ಟ: ಇವು ಮಕ್ಕಳು ಕಂಡ, ಮುಟ್ಟಿದ ವಸ್ತುಗಳು. ಕಾಣದ ಹಿಮದ ಬಗ್ಗೆ ಬರೆಯುವಾಗ ಮಗುವಿಗೆ 'ನೈಸ್' ಬಿಟ್ಟು ಬೇರೆ ಪದ ಸಿಗುವುದು ಕಷ್ಟ; ಕಂಡ ಬೆಟ್ಟದ ಬಗ್ಗೆ ಬರೆಯುವಾಗ ಹಾಗಲ್ಲ.

ಒಂದು ಎಚ್ಚರಿಕೆ. ಈ ಚಟುವಟಿಕೆಯಿಂದ 'ನೈಸ್' ಕೆಟ್ಟ ಪದವೆಂಬ ಭಾವನೆ ಬರಬಾರದು. ಅತಿಥಿಯನ್ನು ಎದುರುಗೊಳ್ಳುವಾಗ, ಉಪಕಾರ ನೆನೆಯುವಾಗ, ಗೆಳೆಯನಿಗೆ ಶುಭ ಕೋರುವಾಗ ಅದು ಬೆಚ್ಚನೆಯ, ಸಹಜವಾದ ಮಾತು. ವರ್ಣಿಸಬೇಕಾದ ಕಡೆ ಮಾತ್ರ ಅದು ಸಾಲದು.

ತಿದ್ದುವಾಗ

ಕೊನೆಯದಾಗಿ, ಈ ಪದವನ್ನು ಅತಿ ಹೆಚ್ಚು ಬಳಸುವವರಲ್ಲಿ ಶಿಕ್ಷಕರೂ ಇದ್ದಾರೆ. ಮಕ್ಕಳ ನೋಟುಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯಿಂದ 'ನೈಸ್', 'ಗುಡ್', 'ವೆರಿ ಗುಡ್' ಎಂದು ಬರೆಯುವುದು ನಮ್ಮೆಲ್ಲ ಶಾಲೆಗಳ ರೂಢಿ. ಆ ಒಂದು ಪದದಿಂದ ಮಗುವಿಗೆ ಸಂತೋಷವಾಗುತ್ತದೆ. ಆದರೆ ಯಾವುದು ಚೆನ್ನಾಗಿತ್ತೆಂದು ಅದಕ್ಕೆ ತಿಳಿಯುವುದಿಲ್ಲ. ಮುಂದಿನ ಸಲ ಅದನ್ನೇ ಮತ್ತೆ ಮಾಡಲು ದಾರಿಯೂ ಸಿಗುವುದಿಲ್ಲ. ಮಗುವಿನಿಂದ 'ಏನು ಚೆನ್ನ?' ಎಂಬ ಪ್ರಶ್ನೆಗೆ ಉತ್ತರ ಕೇಳುವ ಶಿಕ್ಷಕರು ತಾವೂ ಆ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಎಲ್ಲ ಪುಸ್ತಕಗಳಿಗೂ ಪ್ರತಿದಿನ ಹೀಗೆ ಬರೆಯಲು ಸಮಯ ಸಾಲದು. ಬಹುವರ್ಗ ಬೋಧನೆಯ ಶಾಲೆಗಳಲ್ಲಿ ಅದು ಇನ್ನೂ ಕಷ್ಟ. ದಿನಕ್ಕೆ ನಾಲ್ಕು ಪುಸ್ತಕಗಳನ್ನು ಆರಿಸಿಕೊಂಡರೂ ತಿಂಗಳಲ್ಲಿ ಪ್ರತಿ ಮಗುವಿಗೂ ಎರಡು ಮೂರು ಸಲ ನಿಜವಾದ ಮಾತು ತಲುಪುತ್ತದೆ. ಅದನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂಬ ನಿಯಮವಿಲ್ಲ. 'ಬಾವಿಯ ನೀರಿನ ತಂಪನ್ನು ಹೇಳಿದ್ದು ಓದಿ ನನಗೂ ಬಾಯಾರಿಕೆಯಾಯಿತು' ಎಂದು ಕನ್ನಡದಲ್ಲಿ ಒಂದು ಸಾಲು ಬರೆದರೆ, ತನ್ನ ಇಂಗ್ಲಿಷ್ ವಾಕ್ಯವನ್ನು ಒಬ್ಬರು ನಿಜಕ್ಕೂ ಓದಿದರು ಎಂಬುದು ಆ ಮಗುವಿಗೆ ತಿಳಿಯುತ್ತದೆ.